ಸ್ನೋಬೋರ್ಡಿಂಗ್‌ಗೆ ಮೈ ತಯಾರು ಮಾಡಿದ ತುಮಕೂರಿನ ಜಿಮ್

ಗುಲ್ಮಾರ್ಗ್‌ಗೆ ಸ್ನೋಬೋರ್ಡಿಂಗ್ ಕಲಿಯೋಕೆ ಹೋಗುವ ಮೊದಲು ಬಿ.ಎಚ್. ರಸ್ತೆ ಹತ್ತಿರದ ಒಂದು ಜಿಮ್ ಸೇರಿದ್ದೆ. ತುಂಬಾ ಉಪಯೋಗ ಆಯಿತು. ಸ್ನೋಬೋರ್ಡಿಂಗ್ ಅಂದರೆ ಹಲಗೆ ಮೇಲೆ ನಿಂತು ಹಿಮದ ಇಳಿಜಾರಿನಲ್ಲಿ ಜಾರುವ ಆಟ. ಎರಡೂ ಕಾಲು ಒಂದೇ ಹಲಗೆಗೆ ಬಿಗಿದಿರುತ್ತವೆ, ಅಡ್ಡ ನಿಂತು ಮಂಡಿ ಬಗ್ಗಿಸಿಕೊಂಡೇ ಜಾರಬೇಕು, ಹಾಗಾಗಿ ತೊಡೆ, ಹೊಟ್ಟೆ, ಕಣಕಾಲಿಗೆ ಕೆಲಸ ಜಾಸ್ತಿ. ಕೋಚ್ ಇದನ್ನೆಲ್ಲ ಕೇಳಿಕೊಂಡು, ಸುಮ್ನೆ ಟ್ರೆಡ್‌ಮಿಲ್ ಹತ್ತಿಸದೆ, ಸ್ಕ್ವಾಟ್, ಪ್ಲ್ಯಾಂಕ್, ಒಂಟಿ ಕಾಲಲ್ಲಿ ನಿಲ್ಲೋದು ಮಾಡಿಸಿದರು. ಮ್ಯಾಟ್ ಮೇಲೆ ಮುಷ್ಟಿ ಕಟ್ಟಿ, ಮುಂಗೈ ಮೇಲೆ ಬೀಳೋದನ್ನೂ ಪದೇ ಪದೇ ಮಾಡಿಸಿದ್ದು ನನಗೆ ಬಹಳ ಇಷ್ಟವಾಯಿತು. ಹೊಸಬರು ಬೀಳೋದೇ ಜಾಸ್ತಿ, ಅಂಗೈ ಊರಿದರೆ ಮಣಿಕಟ್ಟು ಮುರಿಯಬಹುದು ಅಲ್ವಾ. ಜಿಮ್‌ನಲ್ಲಿ ಬ್ಯಾಲೆನ್ಸ್ ಬೋರ್ಡ್ (ಸಮತೋಲನ ಕಲಿಯಲು ನಿಲ್ಲುವ, ಅಲುಗಾಡುವ ಹಲಗೆ) ಇಲ್ಲ, ಅದೊಂದು ಕೊರತೆ. ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ, ಬೇಗ ಏದುಸಿರು ಬರುತ್ತದೆ. ಅದಕ್ಕೆ ಭಾನುವಾರ ದೇವರಾಯನದುರ್ಗ ಬೆಟ್ಟ ಹತ್ತಿ ಎಂದು ಕೋಚ್ ಅವರೇ ಹೇಳಿದರು, ನೀವೂ ಹತ್ತಿ.