ಹುಬ್ಬಳ್ಳಿ ಲ್ಯಾಬ್ ಒಂದರ ‘ಮಕ್ಕಳ ಮೆಟಬಾಲಿಕ್ ಪ್ಯಾಕೇಜ್’: ಎರಡ ಸ್ಟಾರ್
ಲ್ಯಾಬಿನ ಹೆಸರು ಬ್ಯಾಡ ಬಿಡ್ರಿ. ಹೋಮ್ ಕಲೆಕ್ಷನ್ ಮಾತ್ರ ಭಾಳ ಚಲೋ ಐತಿ, ಹೇಳಿದ ಟೈಮಿಗೆ ಹುಡುಗ ಬಂದ, ನನ್ನ ಮಗಗ ಸೂಜಿ ಅಂದ್ರ ಜೀವಾನ ಹೋಗ್ತೈತಿ, ಅವನ ಜೋಡಿ ಕ್ರಿಕೆಟ್ ಮಾತಾಡ್ಕೋತ ಒಂದ ಸಲಕ್ಕ ಬ್ಲಡ್ ತಗೊಂಡ, ಸಂಜಿಗೆ ವಾಟ್ಸಾಪಿಗೆ ರಿಪೋರ್ಟ್. ಸ್ಟಾರ್ ಕಟ್ ಮಾಡಿದ್ದು ಪ್ಯಾಂಪ್ಲೆಟ್ ಸಲುವಾಗಿ.

ಅದರಾಗ ದಪ್ಪ ಅಕ್ಷರದಾಗ, ಮಗುವಿಗೆ ಮುಂದೆ ಸ್ಕಿಜೋಫ್ರೇನಿಯಾ ಬರುತ್ತದೆಯೇ, ಈಗಲೇ ತಿಳಿಯಿರಿ ಅಂತ. ನನ್ನ ತಮ್ಮಗ ಆ ಮಾನಸಿಕ ರೋಗ ಐತಿ, ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರಿ ಡಿಮ್ಹಾನ್ಸ್‌ನಾಗ ತೋರಸ್ತೀವಿ, ಹಿಂಗಾಗಿ ನಮ್ಮಾಕಿ ಓದಿದ್ದ ತಡ ಬುಕ್ ಮಾಡಿಬಿಟ್ಲು.

ರಿಪೋರ್ಟಿನಾಗ ಫಾಸ್ಟಿಂಗ್ ಇನ್ಸುಲಿನ್ ಕೆಂಪು, ಹೋಮಾ-ಐಆರ್ ಸುದ್ದಾ ಕೆಂಪು. ಹೋಮಾ ಅಂದ್ರ ಮೈಯಾಗ ಇನ್ಸುಲಿನ್ ಸರಿ ಕೆಲಸ ಮಾಡ್ತೈತೇನು ಅನ್ನೋ ಅಂದಾಜಿನ ಲೆಕ್ಕ, ಬ್ಯಾರೆ ಟೆಸ್ಟೇನಲ್ರಿ, ಶುಗರ್‌ಗೆ ಇನ್ಸುಲಿನ್ ಗುಣಿಸಿ 405ರಿಂದ ಭಾಗಿಸಿದ್ರ ಆತು, ಅದನ್ನೂ ಪ್ಯಾಕೇಜಿನಾಗ ಒಂದು ಟೆಸ್ಟ್ ಅಂತ ಎಣಿಸ್ಯಾರ! ಬಾಜೂ ಹಾಕಿದ್ದ ನಾರ್ಮಲ್ ರೇಂಜ್ ದೊಡ್ಡವರದು. ಹುಡುಗಗ ಈಗ ದನಿ ಒಡ್ಯಾಕತ್ತೇತಿ, ಆ ವಯಸ್ಸಿನಾಗ ಇನ್ಸುಲಿನ್ ತಾನ ಏರ್ತೈತಿ, ಬೆಳವಣಿಗಿ ಮುಗದಮ್ಯಾಲ ಸಾಮಾನ್ಯವಾಗಿ ಇಳಿತೈತಿ ಅಂತ ಮಕ್ಕಳ ಡಾಕ್ಟರ್ ಹೇಳಿದ್ರು, ಕುತ್ತಿಗಿ ಹಿಂದ ಚರ್ಮ ಕಪ್ಪಾಗಿ ದಪ್ಪಾಗೇತೇನು ನೋಡಿದ್ರು, ಬಿಪಿ, ಸೊಂಟದ ಅಳತಿ ತಗೊಂಡ್ರು, ಏನೂ ಇಲ್ಲ ಹೋಗ್ರಿ ಅಂದ್ರು. ಲ್ಯಾಬಿಗೆ ಫೋನ್ ಹಚ್ಚಿ ಕೇಳಿದ್ರ ಡಾಕ್ಟರ್ ಕನ್ಸಲ್ಟೇಶನ್ ಪ್ಯಾಕೇಜಿನಾಗ ಬರಂಗಿಲ್ಲ ಸರ್ ಅಂತ.

ಹಂಗಂತ ಇನ್ಸುಲಿನ್ನಿಗೂ ಆ ರೋಗಕ್ಕೂ ನಂಟು ಅನ್ನೋದು ಪೂರಾ ಬುರುಡಿ ಅನ್ನಾಕೂ ಬರಂಗಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತ 1991-92ರಾಗ ಹುಟ್ಟಿದ ಮಕ್ಕಳನ್ನ ವರ್ಷಾನುಗಟ್ಟಲೆ ಫಾಲೋ ಮಾಡ್ಯಾರ, ಆ ಡೇಟಾ ಇಟ್ಕೊಂಡು ಕೇಂಬ್ರಿಡ್ಜ್‌ನವ್ರು 2021ರಾಗ ಒಂದು ಸ್ಟಡಿ ಹೊರಗ ಹಾಕಿದ್ರು. 9ನೇ ವಯಸ್ಸಿನಿಂದ 24ರ ತನಕ ಇನ್ಸುಲಿನ್ ಒಂದೇ ಸಮ ಹೈ ಇದ್ದವರಿಗೆ 24ಕ್ಕ ಸೈಕೋಸಿಸ್ ಕಾಯಿಲಿ (ಇಲ್ಲದ ದನಿ ಕೇಳೋದು, ಇಲ್ಲದ್ದನ್ನ ಖರೇ ಅಂತ ನಂಬೋದು; ಸ್ಕಿಜೋಫ್ರೇನಿಯಾನೂ ಇದರಾಗ ಒಂದು) ಸುಮಾರು 3 ಪಟ್ಟು ಜಾಸ್ತಿ ಕಂಡಿತ್ತು. ಒಂದೇ ಸಮ ಅನ್ನೋದ ಮುಖ್ಯ ನೋಡ್ರಿ, 9, 15, 18, 24 ಹಿಂಗ ಬ್ಯಾರೆ ಬ್ಯಾರೆ ವಯಸ್ಸಿಗೆ ಅಳದಿದ್ದು, ಒಂದ ಮುಂಜಾನಿ ಬ್ಲಡ್ಡಿನಾಗ ಅದು ಎಲ್ಲಿ ತಿಳೀಬೇಕು? ಇನ್ನ ಹರೇದಾಗ ಒಮ್ಮೆಲೆ ಬಿಎಂಐ (ಎತ್ತರಕ್ಕ ತಕ್ಕ ತೂಕದ ಲೆಕ್ಕ) ಏರಿದವರಿಗೆ ಕಂಡಿದ್ದು ಸೈಕೋಸಿಸ್ ಅಲ್ಲ, ಡಿಪ್ರೆಶನ್, ಲ್ಯಾಬ್‌ನವ್ರು ಅದನ್ನೂ ಇದರಾಗ ತುರುಕ್ಯಾರ. ಇನ್ಸುಲಿನ್ನಿಂದನ ರೋಗ ಬರ್ತೈತಿ ಅಂತ ಆ ಸ್ಟಡಿ ಸಾಬೀತೂ ಮಾಡಿಲ್ಲ. ಮತ್ತ ಸ್ಕಿಜೋಫ್ರೇನಿಯಾ ಇರೋದು ಜಗತ್ತಿನಾಗ ಸುಮಾರು 300 ಮಂದಿಗೆ ಒಬ್ಬರಿಗೆ, 3 ಪಟ್ಟು ಅಂದ್ರೂ ಬಾಕಿ ಹೆಚ್ಚಿನವರಿಗೆ ಬರಂಗಿಲ್ಲ, ಇದೊಂದು ಸಾಲು ಪ್ಯಾಂಪ್ಲೆಟ್ಟಿನಾಗ ಹಾಕಿದ್ರ ನಮ್ಮಾಕಿ ರಾತ್ರಿ ನಿದ್ದಿ ಮಾಡ್ತಿದ್ಲು.

ಖರೇ ಹೇಳಬೇಕಂದ್ರ ಈ ಟೆಸ್ಟ್ ಬೇಕಾಗಿದ್ದು ನನ್ನ ತಮ್ಮಗ. ಆ ರೋಗಕ್ಕ ಕೊಡೋ ಓಲಾಂಜಪಿನ್ ಗುಳಿಗಿ ತಗೊಳ್ಳೋರಿಗೆ ತೂಕ, ಶುಗರ್, ಕೊಲೆಸ್ಟ್ರಾಲ್ ಏರ್ತಾವು, ಆಗಾಗ ಚೆಕ್ ಮಾಡಿಸಬೇಕು. ಅಂಥವರಿಗೆ ಒಂದು ಸೋವಿ ಪ್ಯಾಕೇಜ್ ಮಾಡ್ರಿ ಅಂತ ಅವರ ನಂಬರಿಗೆ ಮೆಸೇಜ್ ಹಾಕೇನಿ, ಇನ್ನೂ ರಿಪ್ಲೈ ಇಲ್ಲ. ಮನಿ ಮಂದಿಗೆ ಶುಗರ್, ಥೈರಾಯ್ಡ್ ಮಾಡಸೋದಿದ್ರ ಆರಾಮ ಕರಸ್ರಿ. ಮಕ್ಕಳ ಪ್ಯಾಕೇಜ್ ಮಾತ್ರ ಡಾಕ್ಟರ್ ಬರದು ಕೊಡೋತನ ಬ್ಯಾಡ, ಮಗು ನಡವಳಿಕಿ ಬದಲಾಗೇತಿ ಅಂತ ಚಿಂತಿ ಇದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಹಚ್ರಿ, ಅದು ಫ್ರೀ.