ಚಿರೋಟಿ ರವೆ ಕಾಣುವ ಟಿವಿ: ಮೂರು ವರ್ಷ ಬಳಸಿದ ಮೇಲೆ

ಈ 55 ಇಂಚಿನ 4ಕೆ ಟಿವಿ ಮೈಸೂರಿನ ನಮ್ಮ ಮನೆಗೆ ಬಂದಿದ್ದು 2022ರ ದಸರಾ ಆಫರ್‌ನಲ್ಲಿ. ಹಳೇ ಟಿವಿ ಎಕ್ಸ್‌ಚೇಂಜ್ ಕೊಟ್ಟ ಮೇಲೆ 52 ಸಾವಿರ ಬಿತ್ತು. ಪ್ಯಾನೆಲ್ ಯಾವುದು, ಪೋರ್ಟ್ ಎಷ್ಟು, ಸ್ಪೀಕರ್ ಎಷ್ಟು ವ್ಯಾಟ್ ಅನ್ನೋದನ್ನೆಲ್ಲ ನೀವು ಆಗಲೇ ನೋಡಿರುತ್ತೀರಿ. ಅದು ಬೇಡ. ಮೂರು ವರ್ಷದಲ್ಲಿ ನನ್ನನ್ನು ಕಾಡಿದ್ದು ಒಂದೇ ವಿಷಯ. ಈ ಟಿವಿ ಸಿನಿಮಾವನ್ನು ತಾನಾಗಿಯೇ ತೊಳೆದು ತೋರಿಸುತ್ತದೆ. ಅದನ್ನು ನಿಲ್ಲಿಸಲು ನಾನು ಪಟ್ಟ ಪಾಡು, ನಿಲ್ಲಿಸಿದ ಮೇಲೆ ಸಿಕ್ಕ ಸುಖ, ಎರಡನ್ನೂ ಹೇಳಬೇಕು.

ಮೊದಲ ದಿನ ಹಾಕಿದ್ದು 1959ರ ಹಿಂದಿ ಸಿನಿಮಾ, ಗುರುದತ್ ಅವರ ‘ಕಾಗಜ್ ಕೇ ಫೂಲ್’. ನಮ್ಮ ಮೈಸೂರಿನವರೇ ಆದ ವಿ.ಕೆ. ಮೂರ್ತಿಯವರ ಕ್ಯಾಮೆರಾ. ಭಾರತದ ಮೊದಲ ಸಿನಿಮಾಸ್ಕೋಪ್, ಅಂದರೆ ಅಗಲ ಪರದೆಯ ಚಿತ್ರ ಅದು. ಅದರ ಒಂದು ಹಾಡಿನಲ್ಲಿ, ಖಾಲಿ ಸ್ಟುಡಿಯೋದಲ್ಲಿ ಮೇಲಿಂದ ಬಿಸಿಲಿನ ಕೋಲೊಂದು ಇಳಿಯುತ್ತದೆ. ಕನ್ನಡಿ ಇಟ್ಟು ಹೊರಗಿನ ಬಿಸಿಲನ್ನೇ ಒಳಗೆ ತಂದಿದ್ದರು ಮೂರ್ತಿ. ಆ ಬೆಳಕು ನೋಡುವುದಕ್ಕೇ ನಾನು ದೊಡ್ಡ ಟಿವಿ ತಗೊಂಡಿದ್ದು ಅಂದರೂ ತಪ್ಪಿಲ್ಲ. ಹೊಸ ಟಿವಿಯಲ್ಲಿ ಆ ಕೋಲು ಹೇಗೆ ಕಂಡಿತು ಗೊತ್ತಾ? ಬಿಳಿ ಪಟ್ಟಿ ಅಂಟಿಸಿದ ಹಾಗೆ. ಅದರೊಳಗೆ ಧೂಳಿಲ್ಲ, ಹೊಗೆಯಿಲ್ಲ. ಮುಖಗಳು ಮೇಣದಲ್ಲಿ ಮಾಡಿದ ಹಾಗೆ ನುಣ್ಣಗೆ. ಮನೆಯವರೆಲ್ಲ “ಎಷ್ಟು ಕ್ಲಿಯರ್ ಇದೆ!” ಅಂದರು. ನನಗೆ ಮಾತ್ರ ಏನೋ ಕಳೆದುಹೋದ ಹಾಗಾಯಿತು.

ಏನು ಕಳೆಯಿತು ಅಂತ ಗೊತ್ತಾಗಿದ್ದು ನಮ್ಮಪ್ಪನಿಂದ. ಅಪ್ಪ ಸಾಗರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಊಟಿಯ ಫ್ಯಾಕ್ಟರಿಯಲ್ಲಿ ತಯಾರಾಗುತ್ತಿದ್ದ ‘ಇಂದು’ ಫಿಲ್ಮ್ ಹಾಕುತ್ತಿದ್ದ ಕಾಲ. ರಾತ್ರಿ ಡಾರ್ಕ್ ರೂಮಿನಲ್ಲಿ ಎನ್‌ಲಾರ್ಜರ್ (ನೆಗೆಟಿವನ್ನು ದೊಡ್ಡದು ಮಾಡಿ ಪೇಪರ್ ಮೇಲೆ ಬೀಳಿಸುವ ಯಂತ್ರ) ಹಚ್ಚಿ, ಪೇಪರ್ ಇಡುವ ಮೊದಲು ಫೋಕಸ್ ಮಾಡಬೇಕು. ಅದಕ್ಕೊಂದು ಸಣ್ಣ ಭೂತಗನ್ನಡಿಯ ಸಾಧನ ಇತ್ತು. ನನ್ನನ್ನು ಸ್ಟೂಲ್ ಮೇಲೆ ಹತ್ತಿಸಿ ಅದರೊಳಗೆ ನೋಡು ಅನ್ನುತ್ತಿದ್ದರು. ಅವರು ಗುಂಡಿ ತಿರುಗಿಸುತ್ತಾ ಹೋದ ಹಾಗೆ ಮಸುಕೆಲ್ಲ ಒಂದು ಕ್ಷಣದಲ್ಲಿ ಗಟ್ಟಿಯಾಗಿ, ಸಣ್ಣ ಸಣ್ಣ ಕಪ್ಪು ಕಾಳುಗಳು ಎದ್ದು ಕಾಣುತ್ತಿದ್ದವು. “ಗ್ರೇನ್ ಕಾಣ್ತಾ ಪುಟ್ಟಿ? ಗ್ರೇನ್ ಕಂಡ್ರೆ ಫೋಕಸ್ ಆಯ್ತು.” ಮದುಮಗಳ ಮುಖವಾಗಲಿ, ಶಾಲೆಯ ಗ್ರೂಪ್ ಫೋಟೋ ಆಗಲಿ, ಆ ಕಾಳುಗಳಿಂದಲೇ ಆಗಿದ್ದು. ಕಪ್ಪು ಬಿಳುಪು ಫಿಲ್ಮಿನಲ್ಲಿ ಡೆವಲಪ್ ಮಾಡಿದಾಗ ಬೆಳಕು ಬಿದ್ದ ಕಡೆ ಬೆಳ್ಳಿಯ ಕಣಗಳು ಉಳಿಯುತ್ತವೆ. ಕಲರ್ ಫಿಲ್ಮಿನಲ್ಲಿ ಬೆಳ್ಳಿಯನ್ನು ತೆಗೆದುಹಾಕಿ, ಅದರ ಜಾಗದಲ್ಲಿ ಬಣ್ಣದ ಸಣ್ಣ ಮೋಡಗಳು ಉಳಿಯುತ್ತವೆ. ಕಾಳನ್ನು ತೆಗೆದರೆ ಹೋಗುವುದು ಚಿತ್ರವೇ.

ಸಿನಿಮಾದಲ್ಲಿ ಇನ್ನೂ ಒಂದು ವಿಶೇಷ ಇದೆ. ಸೆಕೆಂಡಿಗೆ 24 ಚಿತ್ರ. ಒಂದೊಂದರಲ್ಲೂ ಕಾಳುಗಳು ಬೇರೆ ಬೇರೆ ಕಡೆ ಕೂತಿರುತ್ತವೆ. ಹಾಗಾಗಿ ಯಾರೂ ಅಲುಗಾಡದ ಶಾಟ್‌ನಲ್ಲೂ ಗೋಡೆ, ಆಕಾಶ, ಸೀರೆಯ ಸೆರಗು ಸಣ್ಣಗೆ ಮಿಡಿಯುತ್ತಲೇ ಇರುತ್ತದೆ. ಬೆಳಕು ಕಡಿಮೆ ಇರುವ ಕಡೆ ಜಾಸ್ತಿ ಸ್ಪೀಡಿನ, ಅಂದರೆ ಸ್ವಲ್ಪ ಬೆಳಕನ್ನೂ ಹಿಡಿಯುವ ಫಿಲ್ಮ್ ಬೇಕು. ಅದರ ಕಾಳು ದಪ್ಪ. ರಾತ್ರಿ ದೃಶ್ಯ ಒರಟಾಗಿ ಕಾಣುವುದು ಅದಕ್ಕೇ.

ನಮ್ಮಮ್ಮ ಇದಕ್ಕೆ ಇಟ್ಟ ಹೆಸರು ರವೆ. ನಾನು ಸೆಟ್ಟಿಂಗ್ ಬದಲಾಯಿಸಿದ ದಿನ ಅಮ್ಮ ಕನ್ನಡಕ ಸರಿ ಮಾಡಿಕೊಂಡು, “ಇದೆಂತ ಮಾರಾಯ್ತಿ, ರವೆ ಚೆಲ್ಲಿದ ಹಾಗೆ ಕಾಣ್ತದೆ? ನಿನ್ನೆ ಚಂದ ಇತ್ತಲ್ಲ?” ಅಂದಿದ್ದರು. ಅವತ್ತಿನಿಂದ ನಮ್ಮ ಮನೆಯಲ್ಲಿ 35 ಎಂಎಂ ಫಿಲ್ಮಿನದು ಚಿರೋಟಿ ರವೆ, 16 ಎಂಎಂದು ಉಪ್ಪಿಟ್ಟಿನ ರವೆ. ಚಿಕ್ಕ ಫಿಲ್ಮನ್ನು ಅಷ್ಟೇ ದೊಡ್ಡ ಪರದೆಗೆ ಹಿಗ್ಗಿಸಬೇಕಲ್ಲ, ಕಾಳು ದಪ್ಪಗೆ ಕಾಣುತ್ತದೆ.

ಈಗ ಸೆಟ್ಟಿಂಗ್ ವಿಷಯ. ಅಂಗಡಿಯಿಂದ ಬಂದಾಗ ಪಿಕ್ಚರ್ ಮೋಡ್ ‘ವಿವಿಡ್’ನಲ್ಲಿತ್ತು. ಅದನ್ನು ‘ಸಿನಿಮಾ’ಗೆ ಹಾಕಿದೆ. ನಾಯ್ಸ್ ರಿಡಕ್ಷನ್ ಪೂರ್ತಿ ಆಫ್. ಚಿತ್ರದಲ್ಲಿ ಚುಕ್ಕೆ ಕಂಡರೆ ಗಲೀಜು ಅಂತ ಒರೆಸಿಹಾಕುವುದು ಅದರ ಕೆಲಸ, ಗ್ರೇನನ್ನೂ ಹಾಗೇ ಒರೆಸುತ್ತದೆ. ಮೋಷನ್ ಸ್ಮೂತಿಂಗ್ ಆಫ್. ಅದು ಎರಡು ಫ್ರೇಮ್‌ಗಳ ಮಧ್ಯೆ ತಾನೇ ಹೊಸ ಫ್ರೇಮ್ ಹುಟ್ಟಿಸಿ ಸಿನಿಮಾವನ್ನು ಸೀರಿಯಲ್ ಮಾಡಿಬಿಡುತ್ತದೆ. ಶಾರ್ಪ್‌ನೆಸ್ ಬಗ್ಗೆ ಸ್ವಲ್ಪ ಹುಷಾರು. ನನ್ನ ಟಿವಿಯಲ್ಲಿ ಸೊನ್ನೆ ಇಟ್ಟರೆ ಸರಿ, ಕೆಲವು ಕಂಪನಿಗಳಲ್ಲಿ ನಡುವಿನ ಅಂಕಿ ಸರಿ. ಕಂಡುಹಿಡಿಯುವುದು ಸುಲಭ. ಆಕಾಶದ ಎದುರು ತೆಂಗಿನಗರಿ ಇರುವ ದೃಶ್ಯ ನಿಲ್ಲಿಸಿ ನೋಡಿ. ಗರಿಯ ಅಂಚಿನಲ್ಲಿ ಬಿಳಿ ಗೆರೆ ಎಳೆದ ಹಾಗೆ ಕಂಡರೆ ಇನ್ನೂ ಇಳಿಸಿ. ಆ ಗೆರೆ ಟಿವಿ ಹಾಕಿದ್ದು.

ಇಷ್ಟು ಮಾಡಿ ಅದೇ ಹಾಡು ಮತ್ತೆ ಹಾಕಿದೆ. ಬೆಳಕಿನ ಕೋಲಿನೊಳಗೆ ಧೂಳು ತೇಲುತ್ತಿತ್ತು. ಎರಡು ಸಲ ನೋಡಿದೆ.

ಇಲ್ಲಿಗೆ ಮುಗಿದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಆದರೆ ಎರಡನೇ ವರ್ಷದಿಂದ ತಲೆನೋವು ಶುರುವಾಯಿತು. ಸಾಫ್ಟ್‌ವೇರ್ ಅಪ್‌ಡೇಟ್ ಬಂದಾಗಲೆಲ್ಲ ನಾನು ಆಫ್ ಮಾಡಿದ್ದೆಲ್ಲ ಮತ್ತೆ ಆನ್ ಆಗುತ್ತದೆ. ಅದೂ ಒಂದೇ ಕಡೆ ಅಲ್ಲ. ಆ್ಯಪ್‌ಗಳಿಗೆ ಬೇರೆ, ಪ್ರತಿ ಎಚ್‌ಡಿಎಂಐಗೆ ಬೇರೆ, ಎಚ್‌ಡಿಆರ್ (ಬೆಳಕು ಕತ್ತಲೆಯ ವ್ಯತ್ಯಾಸ ಹೆಚ್ಚು ತೋರಿಸುವ) ಸಿನಿಮಾಗೆ ಬೇರೆ. ಒಂದು ಕಡೆ ಆಫ್ ಮಾಡಿದರೆ ಇನ್ನೊಂದು ಕಡೆ ಇದ್ದೇ ಇರುತ್ತದೆ. ಕಸ್ಟಮರ್ ಕೇರ್‌ಗೆ ನಾಲ್ಕು ಸಲ ಫೋನ್ ಮಾಡಿದ್ದೇನೆ. ಮನೆಗೆ ಬಂದ ಹುಡುಗ ಒಳ್ಳೆಯವನೇ. ಪರದೆಯನ್ನು ಹತ್ತಿರದಿಂದ ನೋಡಿ, “ಮೇಡಂ, ಪಿಕ್ಚರ್ ಸೂಪರ್ ಆಗಿದೆಯಲ್ಲ, ಕಂಪ್ಲೇಂಟ್ ಏನು?” ಅಂದ. ನಾನು ಗ್ರೇನ್ ಬೇಕು ಅಂದೆ. ಅವನು ಆಂಟೆನಾ ಕೇಬಲ್ ಪರೀಕ್ಷೆ ಮಾಡಿದ. ಅವನ ತಪ್ಪಿಲ್ಲ, ಅವನಿಗೆ ಕಲಿಸಿದ್ದೇ ಚುಕ್ಕೆ ಕಂಡರೆ ದೋಷ ಅಂತ. ನನ್ನ ಸಿಟ್ಟು ಇರುವುದು ಕಂಪನಿಯ ಮೇಲೆ. ದುಡ್ಡು ಕೊಟ್ಟು ತಂದ ವಸ್ತು, ನಾನು ಬೇಡ ಅಂದಿದ್ದನ್ನು ವರ್ಷಕ್ಕೆ ಮೂರು ಸಲ ಮತ್ತೆ ಮಾಡುವುದು ಯಾವ ನ್ಯಾಯ?

ಅಪ್ಪನೂ ಮುಖ ನುಣ್ಣಗೆ ಮಾಡುತ್ತಿದ್ದರು. ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲ್ ಹಿಡಿದು ಟಚಿಂಗ್ ಮಾಡುತ್ತಿದ್ದರು. ಸಿಡುಬಿನ ಕಲೆ ಇದ್ದವರು, ಗಂಡು ನೋಡಲು ಫೋಟೋ ಕಳಿಸುವವರು ಬಂದು ಕೇಳಿಕೊಂಡಾಗ ಮಾತ್ರ. ಕೇಳದವರ ಮುಖ ಮುಟ್ಟುತ್ತಿರಲಿಲ್ಲ.

ಹೊಸದಾಗಿ ಕೊಳ್ಳುವವರು ‘ಫಿಲ್ಮ್‌ಮೇಕರ್ ಮೋಡ್’ ಇದೆಯಾ ಅಂತ ಮೊದಲು ಕೇಳಿ. 2019ರಲ್ಲಿ ಯುಎಚ್‌ಡಿ ಅಲಯನ್ಸ್ ಅನ್ನೋ ಒಕ್ಕೂಟ ತಂದಿದ್ದು. ಈ ತೊಳೆಯುವ ಕೆಲಸವನ್ನೆಲ್ಲ ಒಂದೇ ಸಲಕ್ಕೆ ಆಫ್ ಮಾಡುತ್ತದೆ. ನನ್ನ ಟಿವಿಯಲ್ಲಿ ಅದಿಲ್ಲ. ಆಗ ನನಗೆ ಗೊತ್ತಿದ್ದರೆ ಇನ್ನೂ ಐದು ಸಾವಿರ ಸೇರಿಸಿ ಅದಿರುವ ಟಿವಿಯನ್ನೇ ತರುತ್ತಿದ್ದೆ.

ಆದರೆ ಎಲ್ಲ ಮಸುಕಿಗೂ ಟಿವಿಯನ್ನೇ ಬೈಯುವ ಹಾಗಿಲ್ಲ. ಇದು ನನಗೆ ಅರ್ಥವಾಗಲು ಒಂದು ವರ್ಷ ಬೇಕಾಯಿತು. ಇಂಟರ್ನೆಟ್‌ನಲ್ಲಿ ಬರುವ ಸಿನಿಮಾವನ್ನು ಹಿಂಡಿ ಚಿಕ್ಕದು ಮಾಡಿರುತ್ತಾರೆ. ಹಿಂದಿನ ಫ್ರೇಮ್‌ಗೂ ಇದಕ್ಕೂ ಏನು ಬದಲಾಯಿತೋ ಅಷ್ಟನ್ನೇ ಕಳಿಸುವುದು ಅದರ ಉಪಾಯ. ಗ್ರೇನ್ ಪ್ರತಿ ಫ್ರೇಮ್‌ನಲ್ಲೂ ಪೂರ್ತಿ ಬದಲಾಗುತ್ತದೆ. ಅದನ್ನೆಲ್ಲ ಕಳಿಸಲು ಡೇಟಾ ಸಾಲುವುದಿಲ್ಲ, ಹಾಗಾಗಿ ಮೊದಲು ಕತ್ತರಿ ಬೀಳುವುದೇ ಅದಕ್ಕೆ. ಸ್ಟ್ರೀಮಿಂಗ್‌ನ 4ಕೆಗೆ 15 ಎಂಬಿಪಿಎಸ್ (ಸೆಕೆಂಡಿಗೆ ಎಷ್ಟು ಡೇಟಾ ಹರಿಯುತ್ತದೆ ಅನ್ನುವ ಅಳತೆ) ಆಸುಪಾಸಿನ ವೇಗ ಸಾಕು ಅನ್ನುತ್ತಾರೆ. 4ಕೆ ಬ್ಲೂ ರೇ ಡಿಸ್ಕ್ 100 ಎಂಬಿಪಿಎಸ್ ದಾಟಿಯೂ ಹೋಗಬಲ್ಲದು. ವ್ಯತ್ಯಾಸ ಅಷ್ಟಿದೆ. 2018ರಲ್ಲಿ ಬಂದ ಎವಿ1 ಅನ್ನೋ ಹೊಸ ವಿಧಾನದಲ್ಲಿ ಇನ್ನೊಂದು ದಾರಿ ಇದೆ. ಗ್ರೇನ್ ತೆಗೆದು ಕಳಿಸಿ, ಅದು ಹೇಗಿತ್ತು ಅನ್ನುವ ಲೆಕ್ಕವನ್ನೂ ಜೊತೆಗೆ ಕಳಿಸಿ, ಮನೆಯಲ್ಲಿ ಅದೇ ಥರದ್ದನ್ನು ಮತ್ತೆ ಹುಟ್ಟಿಸುವುದು. ಅದು ಹಳೇ ಗ್ರೇನ್ ಅಲ್ಲ, ಅದರ ನಕಲು. ಆದರೂ ಸತ್ತ ಗೋಡೆಗಿಂತ ಎಷ್ಟೋ ವಾಸಿ.

ಹಳೇ ಕನ್ನಡ ಸಿನಿಮಾಗಳ ಕಥೆ ಬೇರೆಯೇ. ಎಷ್ಟೋ ಪ್ರತಿಗಳು ಟಿವಿ ಚಾನೆಲ್‌ಗೆ ಅಂತ ಹಿಂದೆ ಟೇಪ್‌ಗೆ ಇಳಿಸಿದವು. ಅಲ್ಲಿ ಗುಳುಗುಳು ಅನ್ನುವುದು ಟೇಪಿನ ಗಲೀಜು, ಫಿಲ್ಮಿನ ಕಾಳಲ್ಲ. ಅದಕ್ಕೆ ನಾಯ್ಸ್ ರಿಡಕ್ಷನ್ ‘ಲೋ’ ಇಟ್ಟರೆ ನಿಜವಾಗಿ ಒಳ್ಳೆಯದು, ನಾನೂ ಇಡುತ್ತೇನೆ. ಈಗ ಹಳೇ ಹಾಡುಗಳನ್ನು 4ಕೆ ಮಾಡಿದ್ದೇವೆ ಅಂತ ಹಾಕುತ್ತಾರಲ್ಲ, ಅದು ಮಾತ್ರ ನನ್ನ ಕೈಲಿ ನೋಡಲಾಗುವುದಿಲ್ಲ. ರೆಪ್ಪೆ ಒಂದೊಂದೇ ಎಣಿಸಬಹುದು, ಕೆನ್ನೆ ಪ್ಲಾಸ್ಟಿಕ್.

ಕಳೆದ ವರ್ಷ ನ್ಯೂಜೆರ್ಸಿಯಿಂದ ತಂಗಿ ಬಂದಾಗ ಸತ್ಯಜಿತ್ ರೇ ಅವರ ‘ಪಥೇರ್ ಪಾಂಚಾಲಿ’ಯ ಬ್ಲೂ ರೇ ತಂದುಕೊಟ್ಟಳು. ಬ್ಲೂ ರೇ ಡಿಸ್ಕ್‌ಗೆ ದೇಶಕ್ಕೆ ತಕ್ಕ ಬೀಗ ಇರುತ್ತದೆ, ಅದಕ್ಕೆ ರೀಜನ್ ಅಂತ ಹೆಸರು. ಅಮೆರಿಕದ ಡಿಸ್ಕ್ ರೀಜನ್ ಎ, ನಮ್ಮದು ರೀಜನ್ ಸಿ. ನನ್ನ ಪ್ಲೇಯರ್ ಓಡಿಸಲಿಲ್ಲ. ಎರಡು ತಿಂಗಳು ಹುಡುಕಿ ಎಲ್ಲ ರೀಜನ್ ಓಡಿಸುವ ಸೆಕೆಂಡ್ ಹ್ಯಾಂಡ್ ಪ್ಲೇಯರ್ 9 ಸಾವಿರಕ್ಕೆ ತಗೊಂಡೆ. ಆ ಸಿನಿಮಾದ ನೆಗೆಟಿವ್ 1993ರಲ್ಲಿ ಲಂಡನ್ನಿನ ಲ್ಯಾಬೊಂದರ ಬೆಂಕಿಯಲ್ಲಿ ಸುಟ್ಟಿತ್ತು. ಇಟಲಿಯ ಬೊಲೋನ್ಯಾದಲ್ಲಿ ಆ ಸುಟ್ಟ, ಒಣಗಿ ಮುರುಟಿದ ಸುರುಳಿಗಳನ್ನೇ ಮೆತ್ತಗೆ ಮಾಡಿ ಬಿಡಿಸಿದರು. ಶೇಕಡಾ 40ರಷ್ಟನ್ನು ಆ ನೆಗೆಟಿವ್‌ನಿಂದಲೇ ಉಳಿಸಿ, ಮಿಕ್ಕಿದ್ದನ್ನು ಬೇರೆ ಪ್ರತಿಗಳಿಂದ ತುಂಬಿದರು.

ಶನಿವಾರ ರಾತ್ರಿ ನಮ್ಮ ಮನೆಯಲ್ಲಿ ಸಿನಿಮಾ. ಒಂಬತ್ತೂವರೆಗೆ ಊಟ ಮುಗಿದಿರಬೇಕು. ಅಪ್ಪನ ಹಳೇ ಪಂಚೆಯ ತುಂಡೊಂದಿದೆ, ಒಗೆದು ಒಗೆದು ಬೆಣ್ಣೆಯ ಹಾಗಾಗಿದೆ. ಅದರಲ್ಲಿ ಪರದೆಯನ್ನು ಒಣಗಿದ್ದಾಗಲೇ ಮೇಲಿಂದ ಕೆಳಗೆ ಒರೆಸುತ್ತೇನೆ, ನೀರು ಮುಟ್ಟಿಸುವುದಿಲ್ಲ. ಹಾಲಿನ ಟ್ಯೂಬ್‌ಲೈಟ್ ಆರಿಸಿ, ಟಿವಿ ಹಿಂದೆ ಒಂದು ಚಿಕ್ಕ ಬಲ್ಬು ಹಚ್ಚುತ್ತೇನೆ. ಸೋಫಾವನ್ನು ಗೋಡೆಯಿಂದ ಎರಡಡಿ ಮುಂದೆ ಎಳೆಯುತ್ತೇನೆ. ಏಳೆಂಟು ಅಡಿ ದಾಟಿದರೆ 55 ಇಂಚಿನಲ್ಲಿ 4ಕೆ ಯಾವುದು, ಫುಲ್ ಎಚ್‌ಡಿ ಯಾವುದು ಅಂತ ಕಣ್ಣಿಗೆ ತಿಳಿಯುವುದೇ ಕಷ್ಟ. ಅಮ್ಮನ ಬೆತ್ತದ ಕುರ್ಚಿ ಇನ್ನೂ ಸ್ವಲ್ಪ ಮುಂದೆ. ಆಮೇಲೆ ಮೊದಲ ಆಕಾಶಕ್ಕೆ ಕಾಯುತ್ತೇನೆ. ಆಕಾಶ ಮಿಡಿಯುತ್ತಿದ್ದರೆ ಎಲ್ಲ ಸರಿ ಇದೆ ಅಂತ ರಿಮೋಟ್ ಕೆಳಗಿಡುತ್ತೇನೆ.

‘ಪಥೇರ್ ಪಾಂಚಾಲಿ’ ಹಾಕಿದ ಶನಿವಾರ ಮಿಡಿಯುತ್ತಿತ್ತು. ಮುದುಕಿಯ ಮುಖದ ಸುಕ್ಕು, ಮಣ್ಣಿನ ಗೋಡೆ, ಕೆರೆ ನೀರಿನ ಮೇಲೆ ಓಡುವ ಹುಳ, ಎಲ್ಲಕ್ಕೂ ಒಂದೇ ಉಸಿರು. ಕೆಲವು ಕಡೆ ಕಾಳು ಇದ್ದಕ್ಕಿದ್ದ ಹಾಗೆ ದಪ್ಪವಾಗುತ್ತಿತ್ತು. ಇಲ್ಲಿ ನೆಗೆಟಿವ್ ಸುಟ್ಟಿರಬೇಕು, ಬೇರೆ ಪ್ರತಿ ಸೇರಿಸಿರಬೇಕು ಅಂತ ಅಂದುಕೊಳ್ಳುತ್ತಾ ನೋಡಿದೆ. ಅಮ್ಮ ಮೊದಲ ಅರ್ಧ ಗಂಟೆ ಮಾತಾಡಲೇ ಇಲ್ಲ. ಆಮೇಲೆ ಮೆಲ್ಲಗೆ, “ನಿಮ್ಮಪ್ಪ ಪ್ರಿಂಟ್ ಹಾಕಿದ ಹಾಗಿದೆ” ಅಂದರು. ರವೆಯ ಬಗ್ಗೆ ದೂರು ಅಲ್ಲಿಗೆ ನಿಂತಿತು.

ಒಟ್ಟು ಐದಕ್ಕೆ ಮೂರೂವರೆ. ಪರದೆಗೆ ನಾಲ್ಕೂವರೆ ಕೊಡಬಹುದು, ಅಪ್‌ಡೇಟ್ ಕಾಟಕ್ಕೆ ಒಂದು ಕಳೆದೆ. ದಿನವೂ ಕ್ರಿಕೆಟ್, ನ್ಯೂಸ್, ಸೀರಿಯಲ್ ನೋಡುವವರಿಗೆ ಈ ತೊಂದರೆ ಏನೂ ಅನ್ನಿಸುವುದಿಲ್ಲ, ಧಾರಾಳವಾಗಿ ತಗೊಳ್ಳಿ. ಫಿಲ್ಮಿನಲ್ಲಿ ತೆಗೆದ ಸಿನಿಮಾ ಇಷ್ಟಪಡುವವರು ಫಿಲ್ಮ್‌ಮೇಕರ್ ಮೋಡ್ ಇರುವುದನ್ನೇ ನೋಡಿ. ಮತ್ತೆ, ಆಟೋ ಅಪ್‌ಡೇಟ್ ಆಫ್ ಮಾಡಿಡಿ. ನನ್ನ ಸೆಟ್ಟಿಂಗ್‌ಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಪ್ಲೇಯರ್ ಕೆಳಗೆ ಇಟ್ಟಿದ್ದೇನೆ.

‘ಘಟಶ್ರಾದ್ಧ’ವನ್ನೂ ಮೂಲ ನೆಗೆಟಿವ್‌ನಿಂದ ಸರಿಪಡಿಸಿ 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದರಲ್ಲ. 1977ರ ಕಪ್ಪು ಬಿಳುಪು, ಎಸ್. ರಾಮಚಂದ್ರ ಅವರ ಕ್ಯಾಮೆರಾ. ಅದು ಒಳ್ಳೆಯ ಡಿಸ್ಕ್ ಆಗಿ ಕೈಗೆ ಸಿಕ್ಕ ಶನಿವಾರ ಅಮ್ಮನ ಕುರ್ಚಿ ಇನ್ನೊಂದಡಿ ಮುಂದೆ ಹಾಕುತ್ತೇನೆ.