ಲೋಲಕವೋ, ಇಳಿಜಾರೋ?

ಕೊಪ್ಪಳದ ನಿಮ್ಮ ಪಿಯು ಲ್ಯಾಬಿಗೆ ಯಾವುದು ಸರಿ ಅಂತ ಕೇಳಿದ್ದೀರಿ, ಮೇಡಂ. ಯಾಂತ್ರಿಕ ಶಕ್ತಿ (ಎತ್ತರದಿಂದ ಬರುವ ಶಕ್ತಿ ಮತ್ತು ಚಲನಶಕ್ತಿ ಸೇರಿದ ಮೊತ್ತ) ಉಳಿಯುತ್ತದೆ ಅಂತ ತೋರಿಸಲು ಲೋಲಕವೇ ಅಗ್ಗ: ದಾರ, ಕಬ್ಬಿಣದ ಗುಂಡು, ಒಂದು ಬ್ಲೇಡು. ಗುಂಡು ತಳಕ್ಕೆ ಬಂದಾಗ ಬ್ಲೇಡು ದಾರ ಕತ್ತರಿಸುತ್ತದೆ. ತಳ ನೆಲದಿಂದ 80 ಸೆಂ.ಮೀ. ಮೇಲಿದ್ದು, ಗುಂಡನ್ನು ಅಲ್ಲಿಂದ 20 ಸೆಂ.ಮೀ. ಎತ್ತಿ ಬಿಟ್ಟರೆ, ಶಕ್ತಿ ಉಳಿದಿದ್ದರೆ ಅದು ಅಡ್ಡಲಾಗಿ ಸುಮಾರು 80 ಸೆಂ.ಮೀ. ದೂರ ಬೀಳಬೇಕು. ಕಾರ್ಬನ್ ಹಾಳೆಯ ಕೆಳಗೆ ಮೂಡಿದ ಚುಕ್ಕೆ ನೋಡಿ ಮಕ್ಕಳ ಮುಖ ಅರಳುತ್ತದೆ! ಕರೆಂಟ್ ಹೋದರೂ ಚಿಂತೆಯಿಲ್ಲ. ಆದರೆ ಪ್ರತಿ ಸಲ ಹೊಸ ದಾರ ಕಟ್ಟಬೇಕು.

ಇಳಿಜಾರಿಗೆ ಫೋಟೋಗೇಟ್ (ಗುಂಡು ಬೆಳಕಿನ ಕಿರಣ ದಾಟುವ ಸಮಯ ಅಳೆಯುವ ಉಪಕರಣ) ಬೇಕು, ಖರ್ಚು ಜಾಸ್ತಿ. ಒಮ್ಮೆ ಜೋಡಿಸಿದರೆ ಅಳತೆ ಬೇಗ ಬೇಗ ಆಗುತ್ತದೆ. ಉರುಳುವ ಗಟ್ಟಿ ಗುಂಡಿನ ಚಲನಶಕ್ತಿಯಲ್ಲಿ 7ರಲ್ಲಿ 2 ಪಾಲು ತಿರುಗುವುದಕ್ಕೇ ಹೋಗುತ್ತದೆ. ಅದನ್ನು ಲೆಕ್ಕ ಹಿಡಿಯದಿದ್ದರೆ ಶಕ್ತಿ ಸುಮ್ನೆ ಕಳೆದುಹೋದಂತೆ ಕಾಣುತ್ತದೆ, ಅಲ್ವಾ? ತಿರುಗುವ ಚಲನೆಯ ಪಾಠ ಇನ್ನೂ ಆಗದ ತರಗತಿಗೆ ಲೋಲಕ ಕೊಡಿ. ಪಾಠ ಆಗಿದ್ದರೆ ಇಳಿಜಾರು ಜಾಸ್ತಿ ಕಲಿಸುತ್ತದೆ.